ಜೇನಿನ ಪುಸ್ತಕದ ಹನ್ನೆರಡನೆಯ ಹಾಳೆ

ನನ್ನ ಗಂಡ ಯೋಮ್ ಜಾಂಗ್‌ಹೊ ಇಲ್ಲದ ಹಾಳೆಯನ್ನು ಓದುವವರು. ನಾನು ನಿಲ್ಲದ ಕಾಗದವನ್ನು ಗೋಡೆಗೆ ಅಂಟಿಸುವವಳು. ಮಿರ್ಯಾಂಗ್ ಪೇಟೆಯ ಜನ ನಮ್ಮನ್ನು ಈಡುಜೋಡು ಎಂದು ಆಡಿಕೊಳ್ಳುತ್ತಿದ್ದರೆ ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ನನ್ನ ಹೆಸರು ಮಾಲ್ಸುನ್. ನಾಲ್ಕು ಹೆಣ್ಣಾದ ಮೇಲೆ ಐದನೆಯದೂ ಹೆಣ್ಣಾದಾಗ, ಇನ್ನು ಸಾಕು ಎಂದು ಮೇಲಿನವನಿಗೆ ತಿಳಿಸಲು ಅಪ್ಪ ಇಟ್ಟ ಹೆಸರು ಅದು. ಮೇಲಿನವನಿಗೆ ತಿಳಿಯಲಿಲ್ಲ, ಆರನೆಯದೂ ಹೆಣ್ಣೇ ಆಯಿತು. ಹುಟ್ಟಿ ಎರಡು ವರ್ಷ ತುಂಬುವ ಮೊದಲೇ ಒಪ್ಪಿಸಿದ ಕೆಲಸ ಕೆಡಿಸಿದವಳು ಎಂಬ ಕೀರ್ತಿ ನನ್ನದಾಯಿತು. ಮುಂದೆಯೂ ಆ ಕೀರ್ತಿಗೆ ನಾನು ಕುಂದು ತಂದಿಲ್ಲ.

ಗೋಡೆಗೆ ಕಾಗದ ಹಚ್ಚುವ ಕಸುಬನ್ನು ಕಲಿಸಿದವಳು ಸೋದರತ್ತೆ. ಮೊದಲು ಹಳೆಯ ಕಾಗದ ಯಾವುದಾದರೂ ಒಂದು ಪದರ ಹಚ್ಚಬೇಕು, ಅದು ಒಣಗಿದ ಮೇಲೆ ಅದರ ಮೇಲೆ ಹೂವಿನ ಕಾಗದ. ಗೋಧಿ ಹಿಟ್ಟಿನ ಅಂಟು ಕಾಯಿಸುವುದರಲ್ಲೇ ಎಲ್ಲ ಇದೆ ಎಂದು ಅತ್ತೆ ಹೇಳುತ್ತಿದ್ದಳು. ನನ್ನ ಅಂಟು ಒಂದು ದಿನ ಗಂಜಿಯಾಗುತ್ತಿತ್ತು, ಇನ್ನೊಂದು ದಿನ ಗಂಟುಗಂಟಾಗುತ್ತಿತ್ತು. ಮಳೆಗಾಲ ಬಂದರೆ ನಾನು ಅಂಟಿಸಿದ ಕಾಗದ ಉಬ್ಬಿಕೊಂಡು ನಿಲ್ಲುತ್ತಿತ್ತು. ‘ಮಾಲ್ಸುನ್ ಹಚ್ಚಿದ ಗೋಡೆ ಪ್ರತಿ ವರ್ಷ ಬಸುರಾಗುತ್ತೆ’ ಎಂದು ಹೆಂಗಸರು ನಗುತ್ತಿದ್ದರು. ಆದರೂ ಕರೆಯುತ್ತಿದ್ದರು. ನನ್ನ ಕೂಲಿ ಕಡಿಮೆ, ಮಾತು ಜಾಸ್ತಿ. ಗೋಡೆ ಕೆಟ್ಟರೂ ಹೊತ್ತು ಚೆನ್ನಾಗಿ ಹೋಗುತ್ತಿತ್ತು.

ಇನ್ನು ನನ್ನ ಗಂಡ. ಪಕ್ಕದ ಊರಿನ ಕಾಲೇಜಿನಲ್ಲಿ ಗಂಟೆಯ ಲೆಕ್ಕಕ್ಕೆ ಪಾಠ ಹೇಳುವ ಕೆಲಸ. ನಾನೂರು ಐನೂರು ವರ್ಷದ ಹಿಂದೆ ನಮ್ಮ ಜನ ಹೇಗೆ ಮಾತಾಡುತ್ತಿದ್ದರು ಎಂಬುದು ಅವರ ಪಾಠ. ಈಗಿನವರು ಮಾತಾಡಿದರೇ ಕೇಳಿಸಿಕೊಳ್ಳದ ಹುಡುಗರು ಅಲ್ಲಿ ಸುಖವಾಗಿ ನಿದ್ದೆ ಮಾಡುತ್ತಿದ್ದರು. ಇವರಿಗೆ ಅದರ ಪರಿವೆಯೂ ಇರಲಿಲ್ಲ, ಯಾಕೆಂದರೆ ಇವರೂ ಆ ಹೊತ್ತಿಗೆ ಈ ಕಾಲದಲ್ಲಿ ಇರುತ್ತಿರಲಿಲ್ಲ.

ಒಮ್ಮೆ ಪೇಟೆಯಲ್ಲಿ ಇಬ್ಬರು ಮೀನಿನ ಮುದುಕಿಯರು ಜಗಳಕ್ಕೆ ನಿಂತಿದ್ದರು. ಒಬ್ಬಳು ಇನ್ನೊಬ್ಬಳ ಜುಟ್ಟು ಹಿಡಿದು ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಜನ ಬಿಡಿಸಲು ನೋಡುತ್ತಿದ್ದರೆ ನನ್ನ ಗಂಡ ನಡುವೆ ನುಗ್ಗಿ ಜುಟ್ಟು ಹಿಡಿದವಳ ಮುಂದೆ ಬಗ್ಗಿ ನಿಂತರು.

“ಅಮ್ಮಾ, ತಪ್ಪು ತಿಳ್ಕೋಬೇಡಿ. ಈಗೊಂದು ಬೈದ್ರಲ್ಲ, ಅದನ್ನ ಇನ್ನೊಂದ್ಸಲ ಬೈತೀರಾ? ಸ್ವಲ್ಪ ನಿಧಾನಕ್ಕೆ.”

“ಏನು?”

“ನಿಮ್ಮಜ್ಜಿನೂ ಹಿಂಗೇ ಬೈತಿದ್ರಾ, ಇಲ್ಲಾ ಮದುವೆಯಾಗಿ ಬಂದ್ಮೇಲೆ ಕಲಿತಿದ್ದಾ?”

ಮುದುಕಿಯರಿಬ್ಬರೂ ಆ ಕ್ಷಣವೇ ರಾಜಿಯಾದರು. ರಾಜಿಯಾಗಿ, ಒಂದು ತೊಟ್ಟಿ ಮೀನು ತೊಳೆದ ನೀರನ್ನು ಸೇರಿ ಎತ್ತಿ ಇವರ ಮೇಲೆ ಸುರಿದರು. ಮನೆಗೆ ಬಂದಾಗ ಇವರ ಮುಖ ಮದುಮಗನದಾಗಿತ್ತು.

“ನಾನೂರು ವರ್ಷದ ಮಾತು ಕಣೇ. ಇವತ್ತು ನನ್ನ ಕಿವಿಗೆ ಬಿತ್ತು.”

“ಮಿಕ್ಕಿದ್ದು ತಲೆಗೆ ಬಿದ್ದಿದೆ. ಹೊರಗೇ ನಿಂತ್ಕೊಳಿ” ಎಂದೆ.

ಇಷ್ಟಕ್ಕೇ ಮುಗಿದಿದ್ದರೆ ಸಹಿಸಬಹುದಿತ್ತು. ಅವರ ಜೀವಮಾನದ ಚಿಂತೆ ಒಂದು ಜೇನಿನ ಪುಸ್ತಕ. ನಾನೂರು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಜೇನು ಸಾಕುವುದು ಹೇಗೆ ಎಂದು ಚೀನೀ ಭಾಷೆಯಲ್ಲಿದ್ದುದನ್ನು ನಮ್ಮ ಮಾತಿಗೆ ತಿರುಗಿಸಿ, ಮರದ ಹಲಗೆಗಳಲ್ಲಿ ಅಕ್ಷರ ಕೊರೆಸಿ ಅಚ್ಚು ಹಾಕಿಸಿದ್ದರಂತೆ. ಜಗತ್ತಿನಲ್ಲಿ ಉಳಿದಿದ್ದು ಒಂದೇ ಒಂದು ಪ್ರತಿ. ಅದರಲ್ಲಿ ಹನ್ನೆರಡನೆಯ ಹಾಳೆ ಇಲ್ಲ. ಆ ಹಾಳೆಯಲ್ಲಿ ಏನಿತ್ತು ಎಂಬುದು ಚೀನೀ ಮೂಲದಿಂದ ಗೊತ್ತಿತ್ತು: ಸಿಟ್ಟಿಗೆದ್ದ ಜೇನನ್ನು ಸಮಾಧಾನ ಮಾಡುವುದು ಹೇಗೆ ಎಂದು. ಅದನ್ನು ಆಗಿನ ನಮ್ಮ ಜನ ಯಾವ ಮಾತಿನಲ್ಲಿ ಹೇಳಿದ್ದರು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಉಳಿದ ಹಾಳೆಗಳನ್ನು ವರ್ಷಗಟ್ಟಲೆ ಓದಿ, ಅವುಗಳ ಜಾಡು ಹಿಡಿದು, ಇಲ್ಲದ ಹಾಳೆ ಹೀಗಿದ್ದಿರಬೇಕು ಎಂದು ನನ್ನ ಗಂಡ ಇಡಿಯಾಗಿ ಬರೆದು ಒಂದು ಲೇಖನ ಪ್ರಕಟಿಸಿದರು. ಅದನ್ನು ಪೂರ್ತಿ ಓದಿದವನು ಕರಡು ತಿದ್ದಿದವನು ಒಬ್ಬನೇ ಇರಬೇಕು. ಅಂದಹಾಗೆ, ನಿಜವಾದ ಜೇನ್ನೊಣ ಒಂದು ಕೋಣೆಗೆ ಬಂದರೆ ಈ ಮಹಾನುಭಾವರು ಚಪ್ಪಲಿ ಬಿಟ್ಟು ಓಡುತ್ತಿದ್ದರು.

ಅವರ ಗುರುಗಳು ನಾಮ್‌ಗುಂಗ್ ಮೇಷ್ಟ್ರು. ಹಳೆಯ ಪುಸ್ತಕ ಎಂದರೆ ನಮ್ಮ ದೇಶದಲ್ಲಿ ಅವರ ಮಾತೇ ಕೊನೆಯ ಮಾತು. ಅವರಿಗೆ ಅರವತ್ತು ತುಂಬಿದಾಗ ದೇಗು ನಗರದಲ್ಲಿ ದೊಡ್ಡ ಸಮಾರಂಭ ಏರ್ಪಾಡಾಯಿತು. ಶಿಷ್ಯರೆಲ್ಲ ಸೇರಿ ಗುರುಗಳ ಹೆಸರಲ್ಲಿ ಲೇಖನಗಳ ದಪ್ಪ ಪುಸ್ತಕ ತರುವುದು, ಸಾಲಾಗಿ ನಿಂತು ಹಣೆ ನೆಲಕ್ಕೆ ತಾಗಿಸುವುದು ನಮ್ಮಲ್ಲಿನ ಪದ್ಧತಿ. ಆ ಪುಸ್ತಕಕ್ಕೆ ನನ್ನ ಗಂಡನ ಲೇಖನ ಸೇರಲಿಲ್ಲ. ಜಾಗ ಸಾಲದು ಎಂದರಂತೆ. ಅಷ್ಟು ದಪ್ಪದ ಪುಸ್ತಕದಲ್ಲಿ.

ಇವರು ಬೇಜಾರು ತೋರಿಸಲಿಲ್ಲ. ಬದಲಿಗೆ ತಮ್ಮ ಊಹೆಯ ಹಾಳೆಯನ್ನೇ ಹಳೆಯ ಕ್ರಮದಲ್ಲಿ ಅಚ್ಚು ಹಾಕಿಸಿ ಗುರುಗಳಿಗೆ ಉಡುಗೊರೆ ಕೊಡುತ್ತೇನೆಂದು ಹೊರಟರು. ಬೆಟ್ಟದ ಮೇಲಿನ ಮಠಕ್ಕೆ ಬುದ್ಧನ ಸೂತ್ರಗಳ ಹಲಗೆ ಕೊರೆಯುತ್ತಿದ್ದವರು ನನ್ನ ಅಮ್ಮನ ಕಡೆಯ ಉನ್‌ಬೊಂಗ್ ಮಾವ. ಅವರನ್ನು ಮನೆಗೆ ಕರೆಸಿ ಆ ಬೇಸಿಗೆಯಿಡೀ ಅಂಗಳದಲ್ಲಿ ಕೂರಿಸಿ ಹಲಗೆ ಕೊರೆಸಿದರು. ಕೊನೆಯ ದಿನ ಅಂಚಿನ ಗೆರೆ ಬಿಡಿಸುತ್ತಿದ್ದಾಗ ನಾನು ಅಡುಗೆಮನೆಯಿಂದ, “ಮಾವಾ, ಊಟಕ್ಕೆ ಬನ್ನಿ, ಸಾರು ಆರ್ತಿದೆ” ಎಂದು ಕೂಗಿದೆ. ನನ್ನ ಕೂಗು ಸಣ್ಣದಲ್ಲ. ಮಾವನ ಕೈ ಜಾರಿ ಎಡಗಡೆಯ ಮೇಲಿನ ಮೂಲೆಯಲ್ಲಿ ಗೆರೆ ಮುರಿಯಿತು. ನನ್ನ ಗಂಡ ಎದೆ ಹಿಡಿದುಕೊಂಡು ಕೂತರು.

“ಹಳೇ ಹಲಗೆಗಳಲ್ಲೂ ಹಿಂಗೇ ಮುರಿದಿರುತ್ತೆ ಬಿಡಪ್ಪ” ಎಂದರು ಮಾವ. “ಹೊಸದು ಅಂತ ಅನ್ನಿಸಲ್ಲ.”

ದಾಕ್ ಮರದ ನಾರಿನ ಒಳ್ಳೆಯ ಕಾಗದದ ಮೇಲೆ ಒಂದು ಕಟ್ಟು ಹಾಳೆ ಅಚ್ಚಾಯಿತು. ಸಮಾರಂಭದ ದಿನ ನಾನು ಹಿಂದಿನ ಕೋಣೆಯಲ್ಲಿ ಉಳಿದ ಶಿಷ್ಯರ ಹೆಂಡಂದಿರ ಜೊತೆ ದೋಸೆ ಹುಯ್ಯುತ್ತಿದ್ದೆ. ಕಾಗದದ ಬಾಗಿಲಿನ ಆಚೆಯಿಂದ ಮೇಷ್ಟ್ರ ದನಿ ಕೇಳಿಸಿತು.

“ಯೋಮ್, ಪುಸ್ತಕದ ಹಲ್ಲು ಉದುರಿದೆ ಅಂತ ನಿನ್ನ ಹಲ್ಲು ಕಿತ್ತು ಇಟ್ರೆ ಹೆಂಗಪ್ಪ? ಪುಸ್ತಕ ಓದೋದು ನಿನ್ನ ಕೆಲಸ. ಬರೆಯೋದಲ್ಲ.”

ಆಮೇಲೆ ಇಡೀ ಸಭೆ ನಕ್ಕಿದ್ದು ಕೇಳಿಸಿತು. ಒಬ್ಬಿಬ್ಬರಲ್ಲ, ಎಲ್ಲರೂ. ನನ್ನ ಕಾವಲಿಯ ಮೇಲಿದ್ದ ದೋಸೆ ಸೀದು ಕರಿಯಾಯಿತು.

ಎಲ್ಲ ಮುಗಿದ ಮೇಲೆ ಇವರು ಮೇಜಿನ ಮೇಲೆ ಬಿದ್ದಿದ್ದ ಗುರುಗಳ ಪ್ರತಿಯನ್ನೂ ಎತ್ತಿಕೊಂಡು ಬಂದರು. ಅದರ ಮೇಲೆ ಯಾರೋ ಹೆಂಡದ ಬಟ್ಟಲು ಇಟ್ಟಿದ್ದರು. ಆ ಚಳಿಗಾಲದಲ್ಲಿ ಮರದ ಹಲಗೆಯನ್ನು ತಾವೇ, ನೆಲದಡಿಗೆ ಬಿಸಿ ಹಾಯಿಸುವ ಒಲೆಯ ಬಾಯಿಗೆ ತಳ್ಳಿದರು. ಅಂದು ಮನೆಯ ನೆಲ ಚೆನ್ನಾಗಿ ಬಿಸಿಯಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಿದ ಬುದ್ಧಿವಂತೆ ನಾನು.

“ಉಳಿದ ಹಾಳೆಗಳನ್ನೇನು ಮಾಡ್ಲಿ?” ಎಂದು ಕೇಳಿದೆ.

“ಗೋಡೆಗೆ ಹಚ್ಚು. ಗೋಡೆ ನಗಲ್ಲ.”

ಹಾಗೇ ಮಾಡಿದೆ. ಸುಸಾನ್ ಊರಿನಿಂದ ಮದುವೆಯಾಗಿ ಬಂದಿದ್ದ, ನಾವೆಲ್ಲ ಸುಸಾನ್ ಅಜ್ಜಿ ಎಂದು ಕರೆಯುತ್ತಿದ್ದ ಮುದುಕಿಯ ಮನೆಯ ಹೊಗೆ ತುಂಬುವ ಹಿಂದಿನ ಕೋಣೆಗೆ ಒಳಪದರವಾಗಿ ಒಂದಷ್ಟು ಹಚ್ಚಿದೆ. ಮಿಕ್ಕಿದ್ದು ನಮ್ಮ ಮನೆಯ ಉಗ್ರಾಣದ ಗೋಡೆಗೆ ಹೋಯಿತು.

ಒಂಬತ್ತು ವರ್ಷ ಕಳೆದವು. ಸಿಯೋಲ್‌ನಲ್ಲಿ ಒಲಿಂಪಿಕ್ಸ್ ನಡೆದ ವರ್ಷ ಅದು. ಚಳಿ ಶುರುವಾಗುವ ಮುಂಚೆ, ಗಾಮ್ ಎಂಬ ಕಿತ್ತಳೆ ಬಣ್ಣದ ಹಣ್ಣು ಸುಲಿದು ಒಣಹಾಕುವ ಕಾಲದಲ್ಲಿ ಅಷ್ಟರಲ್ಲಿ ನಾನು ಇಟ್ಟುಕೊಂಡಿದ್ದ ಗೋಡೆಕಾಗದದ ಅಂಗಡಿಯ ಫೋನ್ ಬಡಿದುಕೊಂಡಿತು. ನಾಮ್‌ಗುಂಗ್ ಮೇಷ್ಟ್ರು.

“ಯೋಮ್ ಇದಾನೇನಮ್ಮ?”

“ಪಾಠಕ್ಕೆ ಹೋಗಿದಾರೆ ಮೇಷ್ಟ್ರೇ.”

“ಬಂದ ತಕ್ಷಣ ಹೇಳು. ಜೇನಿನ ಪುಸ್ತಕದ ಹನ್ನೆರಡನೇ ಹಾಳೆ ಸಿಕ್ಕಿದೆ. ಅವನು ಬರೆದ ಹಾಗೇ ಇದೆ. ಒಂದಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಎಪ್ಪತ್ತಕ್ಕೆ ಕಾಲಿಟ್ಟಿದೀನಿ, ಮುಂದಿನ ತಿಂಗಳು ಎಪ್ಪತ್ತರ ಸಭೆ ಇದೆ, ಅಲ್ಲಿವರೆಗೂ ಯಾರಿಗೂ ತೋರಿಸಲ್ಲ. ಅವತ್ತು ಎಲ್ಲರ ಮುಂದೆ ಅವನ ಹೆಸರು ಹೇಳ್ತೀನಿ. ಇಲ್ಲೊಂದು ಕಾಲೇಜಲ್ಲಿ ಕಾಯಂ ಜಾಗ ಖಾಲಿ ಇದೆ, ಅಲ್ಲಿನ ಮುಖ್ಯಸ್ಥ ನನ್ನ ಶಿಷ್ಯನೇ. ಮಾತಾಡಿದೀನಿ.”

ಯಾರಿಗೂ ತೋರಿಸುವುದಿಲ್ಲ ಎಂದವರು ಅವರು. ನಾನು ಹಾಗೆ ಹೇಳಿರಲಿಲ್ಲ. ಅಂಗಡಿ ಬಾಗಿಲು ಎಳೆದು ಪೇಟೆಗೆ ಹೋದೆ. ಮೀನು ಮಾರುವ ಪೊಹಾಂಗ್ ಅಕ್ಕನಿಗೆ ಹೇಳಿದೆ, ಅಕ್ಕಿಹಿಟ್ಟಿನ ಕಡುಬು ಮಾರುವವಳಿಗೆ ಹೇಳಿದೆ, ನನ್ನನ್ನು ಏನೂ ಕೇಳದಿದ್ದ ಮೊರದಂಗಡಿಯವನಿಗೂ ಹೇಳಿದೆ.

“ಹಂಗಾದ್ರೆ ಸೊರಾ ಅಮ್ಮ, ಇನ್ಮೇಲೆ ನಿನ್ನ ಪ್ರೊಫೆಸರ್ ಅಮ್ಮಾವ್ರೇ ಅಂತ ಕರೀಬೇಕೇನೇ?” ಎಂದಳು ಪೊಹಾಂಗ್ ಅಕ್ಕ. ಸೊರಾ ನನ್ನ ಮಗಳು; ನಮ್ಮಲ್ಲಿ ಹೆಂಗಸರನ್ನು ಮಕ್ಕಳ ಹೆಸರು ಹಿಡಿದೇ ಕರೆಯುವುದು.

“ಕರೆದ್ರೆ ನಾನೇನೂ ಬೇಡ ಅನ್ನಲ್ಲ.”

“ಅಂಟಿನ ಬಾಲ್ದಿ ಯಾರು ಹೊರ್ತಾರೆ?”

“ಆಳಿಡ್ತೀನಿ.”

ಅಲ್ಲಿಂದ ಬಟ್ಟೆಯಂಗಡಿಗೆ ಹೋಗಿ ಸಮಾರಂಭಕ್ಕೆಂದು ನೇರಳೆ ಬಣ್ಣದ ರೇಷ್ಮೆ ಕತ್ತರಿಸಿಸಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರ ಸಂಘವೊಂದಿದ್ದರೆ ಅದಕ್ಕೆ ನಾನೇ ಅಧ್ಯಕ್ಷೆ.

ಸಂಜೆ ಗಂಡನಿಗೆ ಹೇಳಿದಾಗ ಅವರು ಒಂದು ಕಾಲಿನ ಬೂಟು ಬಿಚ್ಚಿ ಇನ್ನೊಂದನ್ನು ಮರೆತು ಕೂತರು.

“ಎಲ್ಲಾ ಅಕ್ಷರಾನೂ ಸರಿ ಇದೆಯಂತಾ?”

“ಎಲ್ಲಾನೂ.”

“ಒಂದಾದ್ರೂ ತಪ್ಪಿರಬೇಕಿತ್ತಲ್ಲೇ” ಎಂದರು. ಅವರ ಮುಖದಲ್ಲಿ ನಾನು ಹುಡುಕುತ್ತಿದ್ದ ಸಂತೋಷ ಇರಲಿಲ್ಲ. ಈ ಮನುಷ್ಯನಿಗೆ ಗೆಲ್ಲುವುದಕ್ಕೂ ಬರುವುದಿಲ್ಲ ಎಂದುಕೊಂಡೆ.

ಭಾನುವಾರ ಗಾಮ್ ಹಣ್ಣಿನ ಪೆಟ್ಟಿಗೆ ಹಿಡಿದು ಇಬ್ಬರೂ ರೈಲು ಹತ್ತಿದೆವು. ದೇಗುವಿನ ಮನೆಯಲ್ಲಿ ಮೇಷ್ಟ್ರು ಶುಭ್ರ ಬಿಳಿ ಉಡುಪು ತೊಟ್ಟು ಕಾಯುತ್ತಿದ್ದರು. ಒಂಬತ್ತು ವರ್ಷದಲ್ಲಿ ಕುಗ್ಗಿಹೋಗಿದ್ದರು. ಕಣ್ಣಿಗೆ ಪೊರೆ ಬಂದು, ಕೈಯಲ್ಲಿ ಭೂತಗನ್ನಡಿ ಹಿಡಿದೇ ಇರುತ್ತಿದ್ದರು. ರೇಷ್ಮೆ ಬಟ್ಟೆಯ ಗಂಟು ಬಿಚ್ಚಿ ಹಾಳೆಯನ್ನು ನಮ್ಮ ಮುಂದೆ ಹಾಸಿದರು. ಹೊಗೆ ಹಿಡಿದು ಕಂದಾಗಿತ್ತು, ಇಲಿ ಕೆಳಗಿನ ಒಂದು ಮೂಲೆ ತಿಂದಿತ್ತು.

“ನಿಮ್ಮ ಮಿರ್ಯಾಂಗ್ ಕಡೇದೇ” ಎಂದರು. “ಯಾವುದೋ ಹಳ್ಳಿಮನೇಲಿ ನೆಲ ಬಿಸಿ ಮಾಡೋ ಬಾಯ್ಲರ್ ಕೊಳವೆ ಹಾಕೋಕೆ ಹಿಂದಿನ ಕೋಣೆ ಗೋಡೆ ಒಡೆದ್ರಂತೆ. ಕಾಗದ ತಾನಾಗೇ ಕಳಚಿ ಬಿತ್ತಂತೆ. ಹಳೇ ಪುಸ್ತಕದ ವ್ಯಾಪಾರಿ ನನಗೆ ತಂದುಕೊಟ್ಟ. ಈ ಮುರುಕು ನೋಡು, ಯೋಮ್. ಎಡಗಡೆ ಮೇಲಿನ ಮೂಲೇಲಿ ಗೆರೆ ಮುರಿದಿದೆ. ಎಷ್ಟು ತಲೆಮಾರು ಅಚ್ಚು ತೆಗೆದಿದ್ರೆ ಹಲಗೆ ಹಿಂಗೆ ಸವೀಬೇಕು?”

ಅದು ತಲೆಮಾರುಗಳ ಸವೆತವಲ್ಲ, ನನ್ನ ಗಂಟಲು. ಹಾಳೆಯ ಬೆನ್ನಿಗೆ ಅಂಟಿಕೊಂಡಿದ್ದ ಗೋಧಿ ಹಿಟ್ಟಿನ ಗಂಟುಗಳೂ ನನ್ನವೇ. ಒಡೆದ ಗೋಡೆ ಸುಸಾನ್ ಅಜ್ಜಿಯದು. ಗಂಡನ ಮುಖ ನೋಡಿದೆ. ಅವರು ನನಗಿಂತ ಮೊದಲೇ, ಗಂಟು ಬಿಚ್ಚಿದ ಕ್ಷಣದಲ್ಲೇ ಗುರುತಿಸಿದ್ದರು.

ಮೇಷ್ಟ್ರು ಭೂತಗನ್ನಡಿ ಕೆಳಗಿಟ್ಟು ಅವರ ಕೈಮೇಲೆ ಕೈಯಿಟ್ಟರು. “ನಿನ್ನ ಲೇಖನ ಪಕ್ಕದಲ್ಲಿಟ್ಕೊಂಡು ಓದಿದೆ. ಮೊದಲನೇ ಸಲ ಸರಿಯಾಗಿ ಓದಿದೆ ಅಂತ್ಲೇ ಇಟ್ಕೋ. ಇಷ್ಟು ವರ್ಷ ನಿನ್ನನ್ನ ಕಡೆಗಣಿಸಿದೆ. ತಪ್ಪು ನಂದು.”

ಗುರು ಶಿಷ್ಯನಿಗೆ ಹಾಗೆ ಹೇಳಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ. ನನ್ನ ಗಂಡ ಹಣೆ ನೆಲಕ್ಕೆ ಹಚ್ಚಿದವರು ಮೇಲೇಳಲೇ ಇಲ್ಲ.

“ಅಳಬೇಡಪ್ಪ” ಎಂದರು ಮೇಷ್ಟ್ರು. “ಸಂತೋಷದ ಹೊತ್ತಲ್ಲಿ ಅಳ್ತಾರಾ?”

ವಾಪಸು ರೈಲಿನಲ್ಲಿ ಬೇಯಿಸಿದ ಮೊಟ್ಟೆ ಕೊಂಡು ಸುಲಿದು ಕೊಟ್ಟೆ. ತಿನ್ನಲಿಲ್ಲ. ನಾನೇ ತಿಂದೆ. ಯಾವ ದುಃಖವೂ ಇದುವರೆಗೆ ನನ್ನ ಹಸಿವನ್ನು ಕೆಡಿಸಿಲ್ಲ.

“ಸುಮ್ಮನಿದ್ರೆ ಏನ್ರೀ ಆಗುತ್ತೆ?” ಎಂದೆ. “ನೀವೇನು ಕದ್ರಾ? ಸುಳ್ಳು ಹೇಳಿದ್ರಾ? ಅವರಾಗೇ ತಿಳ್ಕೊಂಡ್ರು.”

“ನನ್ನ ಊಹೆಗೆ ನನ್ನ ಊಹೇನೇ ಸಾಕ್ಷಿ ನಿಂತಿದೆ ಕಣೇ.”

“ನಿಲ್ಲಲಿ. ಬೇರೆ ಯಾರೂ ನಿಲ್ಲಲಿಲ್ಲವಲ್ಲ.”

“ನಿಜವಾದ ಹಾಳೆ ಎಲ್ಲೋ ಇರಬಹುದು” ಎಂದರು. “ಯಾವುದೋ ಗೋಡೆ ಒಳಗೆ, ಯಾವುದೋ ಪೆಟ್ಟಿಗೆ ತಳದಲ್ಲಿ. ಅದು ಹೆಂಗಿತ್ತು ಅಂತ ನೋಡ್ಬೇಕು ಅಂತ ಇಪ್ಪತ್ತು ವರ್ಷದಿಂದ ಕಾದಿದೀನಿ. ಮೇಷ್ಟ್ರು ಇದನ್ನೇ ಅದು ಅಂತ ಹೇಳಿಬಿಟ್ರೆ ಇನ್ಯಾರೂ ಹುಡುಕಲ್ಲ. ನಾನು ಅಂಗಳದಲ್ಲಿ ಕೂತು ಕಟ್ಟಿದ ಮಾತನ್ನ ಮಕ್ಕಳು ಮುತ್ತಾತನ ಮಾತು ಅಂತ ಕಲೀತಾರೆ.”

“ಹಂಗಾದ್ರೆ ಹೇಳಿಬಿಡಿ.”

“ಎಪ್ಪತ್ತು ವರ್ಷದವರಿಗೆ, ಕಣ್ಣು ಕಾಣದೇ ಇರೋರಿಗೆ, ನಿಮಗೆ ಹಳೇದು ಹೊಸದು ಗೊತ್ತಾಗಲ್ಲ ಅಂತ ಹೇಳ್ಲಾ? ಗುರುಗಳ ನೆರಳನ್ನೂ ತುಳೀಬಾರದು ಅಂತ ಬೆಳೆದೋನು ನಾನು.”

ಗುರುಗಳ ಮಾನ, ಮುತ್ತಾತನ ಮಾತು ಇವೆಲ್ಲ ಅವರ ಚಿಂತೆ. ನನಗೆ ಕಣ್ಣ ಮುಂದೆ ಇದ್ದಿದ್ದು ಕಾಯಂ ಸಂಬಳ, ನೇರಳೆ ರೇಷ್ಮೆ ಮತ್ತು ಪೊಹಾಂಗ್ ಅಕ್ಕನ ನಾಲಿಗೆ. ಆ ಕೆಲಸ ಅವರಿಗಿಂತ ನನಗೇ ಹೆಚ್ಚು ಬೇಕಾಗಿತ್ತು.

ಆಮೇಲಿನ ದಿನಗಳಲ್ಲಿ ಅವರು ಕರಗತೊಡಗಿದರು. ಫೋನ್ ಬಡಿದರೆ ಬೆಚ್ಚುತ್ತಿದ್ದರು. ಪಾಠದ ನಡುವೆ ಮಾತು ನಿಲ್ಲಿಸಿ ನಿಂತುಬಿಟ್ಟರಂತೆ; ಆ ನಿಶ್ಶಬ್ದಕ್ಕೆ ಹುಡುಗರಿಗೆ ಎಚ್ಚರವಾಯಿತಂತೆ. ಕೊನೆಗೆ ನನಗೇ ತಡೆಯಲಾಗಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಉಪಾಯ ಒಂದನ್ನು ಹೂಡಿದೆ.

“ಉಗ್ರಾಣದ ಗೋಡೆಲಿ ಅದೇ ಹಾಳೆ ಇದೆಯಲ್ಲ. ಅಲ್ಲಿ ಹೊಗೆ ಇಲ್ಲ, ಬೆಳ್ಳಗೇ ಇರುತ್ತೆ. ಕಿತ್ತು ತಗೊಂಡು ಹೋಗಿ ಮುಂದಿಡಿ. ಬಾಯಿ ಬಿಡೋದೇ ಬೇಡ. ಅದೇ ಮುರುಕು, ಹೊಸ ಕಾಗದ. ನೋಡಿ ಅವರೇ ತಿಳ್ಕೊಂಡು, ಅವರೇ ಮುಚ್ಚಿಟ್ಕೋತಾರೆ.”

ಅವರಿಗೂ ಹಿಡಿಸಿತು. ಉಪ್ಪಿನ ತರಕಾರಿಯ ಜಾಡಿಗಳನ್ನು ಸರಿಸಿ ಇಬ್ಬರೂ ಗೋಡೆಗೆ ನೀರು ಚಿಮುಕಿಸಿದೆವು. ಊರವರ ಗೋಡೆಯಲ್ಲಿ ಒಂದು ಮಳೆಗಾಲ ನಿಲ್ಲದ ನನ್ನ ಅಂಟು ಸ್ವಂತ ಮನೆಯಲ್ಲಿ ಕಲ್ಲಾಗಿ ಕೂತಿತ್ತು. ಕಿತ್ತರೆ ಬರದು, ಕೆರೆದರೆ ಚೂರಾಗುತ್ತದೆ.

“ಜನ್ಮಕ್ಕೊಂದು ಗೋಡೆ ಸರಿಯಾಗಿ ಅಂಟಿಸಿದೀಯ” ಎಂದರು ಗಂಡ. “ಅದೂ ಇದೇ ಆಗ್ಬೇಕಿತ್ತಾ?”

ಇಡೀ ಮಧ್ಯಾಹ್ನ ಒದ್ದಾಡಿ, ಮುರಿದ ಮೂಲೆಯಿರುವ ಅರ್ಧ ಹಾಳೆಯನ್ನು ಬಿಡಿಸಿಕೊಂಡೆವು. ಮರುದಿನವೇ ದೇಗು. ಮೇಷ್ಟ್ರು ಅದನ್ನು ಕಣ್ಣಿಗೆ ಹತ್ತಿರ ಹಿಡಿದು, ಮೊದಲ ಹಾಳೆಯ ಪಕ್ಕ ಇಟ್ಟು, ಮೂಲೆಗೆ ಮೂಲೆ ಹೋಲಿಸಿದರು. ಮುರುಕು ಮುರುಕಿಗೆ ಸರಿಹೊಂದಿತು. ಕಾಗದದ ಬಿಳುಪು ಮಾತ್ರ ಪೊರೆ ಬಂದ ಆ ಕಣ್ಣಿಗೆ ಬೀಳಲಿಲ್ಲ.

“ಎಲ್ಲಿ ಸಿಕ್ತು?”

“ನಮ್ಮ ಮನೆ ಗೋಡೇಲಿ ಮೇಷ್ಟ್ರೇ” ಎಂದರು ಗಂಡ.

ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿತು. “ಎರಡನೇ ಪ್ರತಿ” ಎಂದರು. “ಒಂದೇ ಹಲಗೆದು. ಯೋಮ್, ಆ ಕಾಲದಲ್ಲಿ ನಿಮ್ಮೂರಿನ ಮನೆಮನೇಲೂ ಈ ಪುಸ್ತಕ ಇತ್ತು ಅಂತಾಯ್ತಲ್ಲಪ್ಪ. ಎಷ್ಟು ಜನ ಜೇನು ಸಾಕ್ತಿದ್ರೋ.”

ನನ್ನ ಉಪಾಯಗಳ ಹಣೆಬರಹವೇ ಇಷ್ಟು. ಬೆಂಕಿ ಆರಿಸಲು ಹೋಗಿ ತುಪ್ಪ ಸುರಿದಿದ್ದೆ. ಮುದುಕರು ಮಗುವಿನಂತೆ ಎರಡು ಹಾಳೆಗಳನ್ನೂ ಸವರುತ್ತಿದ್ದರು. ಇನ್ನು ತಡೆಯಲಾರದೆ ನಾನೇ ಬಾಯಿ ತೆರೆದೆ. ಗಂಡ ನನ್ನ ಮಣಿಕಟ್ಟು ಹಿಡಿದು ಅದುಮಿದರು. ಮಂಡಿಯೂರಿ ನೆಟ್ಟಗೆ ಕೂತರು.

“ಮೇಷ್ಟ್ರೇ, ಇದು ನಾನು ಕೊರೆಸಿದ ಹಲಗೆ. ನಿಮ್ಮ ಅರವತ್ತರ ಸಮಾರಂಭಕ್ಕೆ ಉಡುಗೊರೆ ಅಂತ ಅಚ್ಚು ಹಾಕ್ಸಿದ್ದೆ. ಉಳಿದಿದ್ದನ್ನ ಇವಳು ಗೋಡೆಗೆ ಹಚ್ಚಿದಳು. ನಿಮಗೆ ಸಿಕ್ಕಿರೋದೂ ಅದೇ.”

ಹೊರಗೆ ಅಂಗಳದಲ್ಲಿ ಮೇಷ್ಟ್ರ ಸೊಸೆ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಮೇಷ್ಟ್ರು ಎರಡು ಹಾಳೆಗಳನ್ನೂ ಮತ್ತೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀನು ಹಚ್ಚಿದ್ದೇನಮ್ಮ?”

“ಹೌದು ಮೇಷ್ಟ್ರೇ.”

“ಅಂಟು ಸರಿಯಿರಲಿಲ್ಲ.”

“ಎಲ್ಲರೂ ಹಂಗೇ ಅಂತಾರೆ ಮೇಷ್ಟ್ರೇ.”

ಅವರು ನಗಲಿಲ್ಲ. “ಯೋಮ್, ಇದನ್ನ ನನಗೆ ಕೊಟ್ಟಿದ್ದೆಯಾ? ನಾನು ಏನಂದೆ?”

ಗಂಡ ತಲೆ ತಗ್ಗಿಸಿದರು. ಮೇಷ್ಟ್ರು ಮತ್ತೆ ಕೇಳಿದರು. ಕೊನೆಗೆ ಗಂಡ ಹಲ್ಲಿನ ಮಾತನ್ನು ಇದ್ದ ಹಾಗೇ, ಒಂದಕ್ಷರ ಹೆಚ್ಚಿಲ್ಲದೆ ಕಮ್ಮಿಯಿಲ್ಲದೆ ಒಪ್ಪಿಸಿದರು. ಅಕ್ಷರ ಅಕ್ಷರ ನೆನಪಿಡುವುದು ಅವರ ಕಸುಬು.

“ಎಲ್ಲರೂ ನಕ್ಕರು” ಎಂದೂ ಸೇರಿಸಿದರು.

ಮೇಷ್ಟ್ರು ಬಹಳ ಹೊತ್ತು ಯೋಚಿಸಿದರು. ನೆನಪಿಸಿಕೊಳ್ಳಲು ನಿಜವಾಗಿಯೂ ಕಷ್ಟಪಟ್ಟರು, ಅದು ಅವರ ಹಣೆಯಲ್ಲಿ ಕಾಣುತ್ತಿತ್ತು. “ನನಗೆ ಏನೂ ನೆನಪಿಲ್ಲ ಕಣಯ್ಯ” ಎಂದರು. “ಉಡುಗೊರೆನೂ ನೆನಪಿಲ್ಲ, ಮಾತೂ ನೆನಪಿಲ್ಲ.”

ಹಾಳೆ ತಮ್ಮದೇ ಎಂದು ಗುರುತಿಸಿದಾಗಲೂ, ಕೆಲಸ ಕೈತಪ್ಪುತ್ತದೆ ಎಂದು ತಿಳಿದಾಗಲೂ ನನ್ನ ಗಂಡನ ಮುಖ ಅಷ್ಟು ಖಾಲಿಯಾಗಿರಲಿಲ್ಲ.

ಹಾಳೆಗಳನ್ನು ಗುಟ್ಟಾಗಿ ಸುಟ್ಟುಬಿಡಿ ಎಂದು ಗಂಡ ಕೇಳಿಕೊಂಡರು. ಮೇಷ್ಟ್ರು ಒಪ್ಪಲಿಲ್ಲ. ವ್ಯಾಪಾರಿಗೆ ಗೊತ್ತು, ಇನ್ನೂ ಎಷ್ಟು ಗೋಡೆಗಳಲ್ಲಿ ಇದೆಯೋ, ನಾಳೆ ಇನ್ನೊಬ್ಬ ಮುದುಕ ಮೋಸಹೋಗುತ್ತಾನೆ ಎಂದರು. ಎಪ್ಪತ್ತರ ಸಭೆಯಲ್ಲಿ ಶಿಷ್ಯರೆಲ್ಲ ಸಾಲಾಗಿ ನಮಸ್ಕಾರ ಮಾಡಿ ಕೂತ ಮೇಲೆ, ಎರಡು ಹಾಳೆಗಳನ್ನೂ ಎತ್ತಿ ಹಿಡಿದು ತಾವೇ ಎದ್ದು ನಿಂತರು.

“ಇದನ್ನ ನಾನೂರು ವರ್ಷದ್ದು ಅಂತ ಓದ್ಕೊಂಡು ಹಿಗ್ಗಿದ್ದೆ. ವಯಸ್ಸು ನೋಡಿದ್ರೆ ಒಂಬತ್ತು” ಎಂದರು. “ಬರೆದೋನು ಅಗೋ, ಕಂಬದ ಹಿಂದೆ ಕೂತಿದಾನೆ. ಅಂಟಿಸಿದೋಳು ಅವನ ಹೆಂಡತಿ. ನಂಬಿದೋನು ನಾನು. ಅವನೇ ಬಂದು ಹೇಳದಿದ್ರೆ ಇವತ್ತು ನಿಮಗೆಲ್ಲ ಇದೇ ಪಾಠ ಮಾಡ್ತಿದ್ದೆ. ನನಗೆ ಒಂದೇ ಒಂದು ಸಲಾನೂ ಅನುಮಾನ ಬರಲಿಲ್ಲ. ಹಂಗೆ ಬರೆದಿದಾನೆ ಅವನು.”

ಸಭೆ ಗೊಳ್ಳೆಂದು ನಕ್ಕಿತು. ಮೇಷ್ಟ್ರೂ ನಕ್ಕರು. ಕಾಲೇಜಿನ ಮುಖ್ಯಸ್ಥ ಎಲ್ಲರಿಗಿಂತ ಜೋರಾಗಿ ನಕ್ಕು, ಆ ವಾರವೇ ಕೆಲಸವನ್ನು ಬೇರೊಬ್ಬನಿಗೆ ಕೊಟ್ಟ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನಾನು ನೇರಳೆ ರೇಷ್ಮೆ ಉಟ್ಟು, ಕೈ ಮಡಚಿಕೊಂಡು, ಪ್ರೊಫೆಸರ್ ಅಮ್ಮಾವ್ರು ಕೂರಬೇಕಾದ ಹಾಗೆ ಕೂತಿದ್ದೆ.

ವಾಪಸು ರೈಲಿನಲ್ಲಿ ಗಂಡ ಮೊಟ್ಟೆ ತಿಂದರು. ಎರಡು ತಿಂದರು. ಮುಂದಿನ ವಾರ ಯಾವ ಹಳ್ಳಿಯಲ್ಲಿ ಬಾಯ್ಲರ್ ಹಾಕಿಸುತ್ತಿದ್ದಾರೆ, ಎಲ್ಲೆಲ್ಲಿ ಗೋಡೆ ಒಡೆಯುತ್ತಾರೆ ಎಂದು ನನ್ನನ್ನು ಕೇಳಿದರು. ‘ಹಂಗೆ ಬರೆದಿದಾನೆ ಅವನು’ ಎಂಬ ಮೇಷ್ಟ್ರ ಕೊನೆಯ ಮಾತನ್ನು ಅವರು ಮನಸ್ಸಲ್ಲೇ ಚಪ್ಪರಿಸುತ್ತಿದ್ದಾರೆ ಎಂದು ನಾನು ತಿಳಿದುಕೊಂಡಿದ್ದೆ. ಹಾಗಿರಲಿಲ್ಲ.

“ಮೇಷ್ಟ್ರಿಗೆ ನೆನಪೇ ಇರಲಿಲ್ಲ ಕಣೇ” ಎಂದರು. “ಇವತ್ತು ಬಂದಿದ್ದೋರಲ್ಲಿ ಅವತ್ತು ನಕ್ಕಿದ್ದೋರು ಎಷ್ಟೋ ಜನ ಇದ್ರು. ಊಟದ ಹೊತ್ತಲ್ಲಿ ಮೆಲ್ಲಗೆ ವಿಚಾರಿಸಿದೆ. ಯಾರಿಗೂ ನೆನಪಿಲ್ಲ. ಒಂಬತ್ತು ವರ್ಷ ಆ ನಗೂನ ಕೇಳಿಸ್ಕೊಂಡು ಕೂತಿದ್ದೋನು ನಾನೊಬ್ಬನೇ.”

ದೋಸೆ ಸೀದ ಆ ದಿನದಿಂದ ಅಂಟು ಕಲಕಿದಾಗಲೆಲ್ಲ ನಾನು ಆ ಮುದುಕರನ್ನು ಬೈದಿದ್ದೆ. ಒಬ್ಬರ ಹೆಸರೂ ಬಿಡದೆ ಇಡೀ ಸಭೆಯನ್ನು ಬೈದಿದ್ದೆ. ಅದನ್ನು ಯಾವತ್ತೂ ಅವರಿಗೆ ಹೇಳಿರಲಿಲ್ಲ.

“ಒಬ್ಬರಲ್ಲ ರೀ” ಎಂದೆ. “ಇಬ್ಬರು.”